ಅಳತೆ ಗೋಡೆ

"ನಿಲ್ಸಿ! ಯಾರು ನೀವು? ನಿಲ್ಸಿ ಅಂದ್ರೆ ನಿಲ್ಸಿ!"

ಅಂಗಡಿಯ ಹೊಸ್ತಿಲಲ್ಲೇ ಅವಳ ಕೈಯಿಂದ ಗುಂಡಿಗಳ ಪೊಟ್ಟಣ ಜಾರಿ ಬಿತ್ತು. ಬಿಳಿ, ಕಪ್ಪು, ಕಂದು ಗುಂಡಿಗಳು ನೆಲದ ತುಂಬ ಉರುಳಿಕೊಂಡು ಹೋದವು.

ಏಣಿಯ ಮೇಲಿದ್ದ ಯುವಕ ತಿರುಗಿ ನೋಡಿದ. ಅವನ ಕೈಯ ಅಗಲವಾದ ಬ್ರಷ್ಷಿನಿಂದ ಸುಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿನ ರೆಪ್ಪೆಗಳ ಮೇಲೂ ಬಿಳಿ ಹನಿಗಳು. ಅವನ ಹಿಂದೆ ಗೋಡೆ...

ಅಯ್ಯೋ! ಮುಕ್ಕಾಲು ಗೋಡೆ ಬೆಳ್ಳಗಾಗಿ ಹೋಗಿತ್ತು!

ಅವಳು ಗುಂಡಿ ತರಲು ಹೋಗಿ ಒಂದೂವರೆ ಗಂಟೆಯೂ ಆಗಿರಲಿಲ್ಲ. ಅಷ್ಟರೊಳಗೆ ಇದೇನಾಗಿ ಹೋಯಿತು?

"ಅಪ್ಪಾ! ಇವರನ್ನ ಯಾರು ಒಳಗೆ ಬಿಟ್ಟಿದ್ದು? ನೀವು ಇಲ್ಲೇ ಕೂತಿದ್ರಲ್ಲಪ್ಪಾ!"

ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಕಾಲು ತುಳಿಯುವ ಹಲಗೆಯ ಮೇಲಿತ್ತು. ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಮಗಳ ಮುಖ ನೋಡದೆ ದಾರದ ಉಂಡೆಯೊಂದನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದರು.

ಯುವಕ ಒಮ್ಮೆ ಅಪ್ಪನ ಕಡೆ ನೋಡಿದ. ಒಂದೇ ಕ್ಷಣ. ಆಮೇಲೆ ನಿಧಾನವಾಗಿ ಏಣಿ ಇಳಿದು ಬಂದು ಅವಳ ಮುಂದೆ ನಿಂತ.

"ತಪ್ಪು ನಂದು," ಅಂದ. "ಕಟ್ಟಡದ ಮಾಲೀಕರು ಈ ಸಾಲಿನ ಅಂಗಡಿಗಳಿಗೆಲ್ಲ ಸುಣ್ಣ ಹೊಡೀಬೇಕು ಅಂದಿದ್ರು. ನಾನು... ನಿಮ್ಮನ್ನ ಕೇಳಬೇಕಿತ್ತು."

"ಕೇಳಬೇಕಿತ್ತಾ? ಗೋಡೆ ತುಂಬ ಬರೆದಿರೋದು ಕಣ್ಣಿಗೆ ಕಾಣಿಸ್ಲಿಲ್ವಾ? ಏನು ಮನುಷ್ಯರ್ರೀ ನೀವು!"

ಅವನು ತಲೆ ತಗ್ಗಿಸಿದ.

ಅವಳ ಕಣ್ಣು ಕಿಟಕಿಯ ಪಕ್ಕಕ್ಕೆ ಓಡಿತು. ಅಲ್ಲೂ ಬಿಳಿ. ಕತ್ತರಿಸಿ ಉಳಿದ ಬಟ್ಟೆಯ ತುಂಡೊಂದನ್ನು ಬಕೆಟ್ಟಿನ ನೀರಿಗೆ ಅದ್ದಿ ಕಿಟಕಿಯತ್ತ ಧಾವಿಸಿದಳು.

"ಒರೆಸ್ಬೇಡಿ!" ಅವನು ಕೂಗಿದ. ಅಷ್ಟು ಹೊತ್ತು ಮೆತ್ತಗಿದ್ದ ದನಿ ಒಮ್ಮೆಲೇ ಒಡೆಯಿತು. "ದಯವಿಟ್ಟು... ಹಸಿ ಇರೋವಾಗ ಮುಟ್ಟಬೇಡಿ. ಒಣಗೋವರೆಗೂ ಬಿಡಿ!"

ಅವನ ಮಾತು ಯಾಕೆ ಕೇಳಬೇಕು? ಅವಳು ಒರೆಸಿದಳು. ಉಜ್ಜಿದಳು. ಬಿಳಿ ಕರಗಿ ಕೆಳಗಿಳಿಯಿತು. ಅದರ ಕೆಳಗಿನ ಹಳೆಯ ಹಳದಿ ಗೋಡೆ ಕಾಣಿಸಿತು.

ಬರೀ ಗೋಡೆ.

ಬಟ್ಟೆಯನ್ನು ತಿರುಗಿಸಿ ನೋಡಿದಳು. ಅದರ ಮೇಲೆ ಪೆನ್ಸಿಲಿನ ಬೂದು ಬಣ್ಣದ ಒಂದು ಕಲೆ.

"ಅಮ್ಮನ ಸಾಲು..." ಅವಳ ಬಾಯಿಂದ ಉಸಿರಷ್ಟೇ ಬಂತು. "ನಮ್ಮಮ್ಮನ ಸಾಲನ್ನ ನಿಮ್ಮ ಸುಣ್ಣ ತಿಂದುಹಾಕಿಬಿಡ್ತು!"

ಅವನು ಏನೋ ಹೇಳಲು ಬಾಯಿ ತೆರೆದ. ಆ ಬಟ್ಟೆಯನ್ನು ನೋಡಿದ, ಅವಳ ಮುಖ ನೋಡಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಹೌದು," ಅಂದ. "ನನ್ನ ಸುಣ್ಣಾನೇ."

"ಹೋಗಿ ಇಲ್ಲಿಂದ!"

ಬಕೆಟ್ಟು, ಏಣಿ ಎತ್ತಿಕೊಂಡು ಹೋಗುವ ಮುಂಚೆ ಅವನು ಬಗ್ಗಿ ನೆಲದ ಮೇಲಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಮೇಜಿನ ಮೇಲಿಟ್ಟ. ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

*

ಆ ಗೋಡೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಒಂದು ಗೋಡೆಗೆ ಸುಣ್ಣ ಬಿದ್ದರೆ ಇಷ್ಟೊಂದು ಕೂಗಾಡುವುದೇ ಎಂದು ಯಾರಿಗಾದರೂ ಅನ್ನಿಸೀತು.

ಎಲ್ಲ ದರ್ಜಿಗಳೂ ಗಿರಾಕಿಗಳ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವಳ ಅಪ್ಪ ಬರೆದದ್ದು ಗೋಡೆಯ ಮೇಲೆ. ಅಂಗಡಿ ತೆರೆದ ಮೊದಲ ವರ್ಷವೇ ಪುಸ್ತಕ ಕಳೆದುಹೋಗಿತ್ತಂತೆ. ಅವತ್ತಿನಿಂದ ಬಡಗಿಗಳು ಬಳಸುವ ದಪ್ಪ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, "ಗೋಡೆ ಎಲ್ಲಿಗೆ ಹೋಗುತ್ತೆ?" ಎಂದು ನಗುತ್ತಾ ಗೋಡೆಯ ಮೇಲೇ ಬರೆಯತೊಡಗಿದರು.

ನಲವತ್ತೊಂದು ವರ್ಷ!

ಓಣಿಯ ಪ್ರತಿ ಮನೆಗೂ ಅಲ್ಲೊಂದು ಜಾಗ. ಪುಟ್ಟ ಅಂಗಿಯ ಅಳತೆಯಿಂದ ಶುರುವಾದವನು ಮೇಲೆ ಮೇಲೆ ಬೆಳೆದು, ಮದುವೆಯ ಕೋಟಿನವರೆಗೆ ಬಂದು, ಅವನ ಪಕ್ಕದಲ್ಲೇ ಅವನ ಮಗನ ಪುಟ್ಟ ಅಂಗಿ ಶುರುವಾಗಿರುತ್ತಿತ್ತು. ಊರು ಬಿಟ್ಟು ಹೋದವರು ಅಲ್ಲಿದ್ದರು. ಮಾತು ಬಿಟ್ಟ ಅಣ್ಣ ತಮ್ಮಂದಿರು ಅಲ್ಲಿ ಒಬ್ಬರ ಕೆಳಗೊಬ್ಬರು ಇದ್ದರು. ತೀರಿಹೋದವರೂ ಇದ್ದರು, ತಮ್ಮ ಭುಜದ ಅಗಲ, ತೋಳಿನ ಉದ್ದದ ಸಮೇತ.

ಅವಳಿಗೆ ಓಣಿಯವರು ಇಟ್ಟ ಹೆಸರು ಇಂಚು. ಮೂರು ವರ್ಷದವಳಿದ್ದಾಗಲೇ ಕೊರಳಿಗೆ ಟೇಪು ಹಾಕಿಕೊಂಡು ಓಡಾಡುತ್ತಿದ್ದಳಂತೆ. ಅವಳಿಗೆ ನಾಲ್ಕು ತುಂಬುವಷ್ಟರಲ್ಲಿ ಅಮ್ಮ ತೀರಿಕೊಂಡಳು. ಅಮ್ಮನ ಮುಖ ನೆನಪಿಲ್ಲ. ದನಿ ನೆನಪಿಲ್ಲ. ಆದರೆ ಕಿಟಕಿಯ ಪಕ್ಕ ಒಂದು ಸಾಲಿತ್ತು. ಭುಜ ಹದಿನಾಲ್ಕು. ಎದೆ ಮೂವತ್ತೆರಡು. ಸೊಂಟ ಇಪ್ಪತ್ತೆಂಟು.

ಚಿಕ್ಕವಳಿದ್ದಾಗ ಅವಳು ಟೇಪನ್ನು ಇಪ್ಪತ್ತೆಂಟಕ್ಕೆ ಸುತ್ತಿ ಉಂಗುರದಂತೆ ಹಿಡಿದು, ಅದರ ಸುತ್ತ ತನ್ನ ಎರಡು ಕೈ ಬಳಸಿ ನಿಲ್ಲುತ್ತಿದ್ದಳು. ಅಮ್ಮನನ್ನು ತಬ್ಬಿಕೊಂಡರೆ ಇಷ್ಟೇ ಇರುತ್ತಿದ್ದಳು... ಸರಿಯಾಗಿ ಇಷ್ಟೇ!

ಈಗ ಆ ಸಾಲು ಇರಲಿಲ್ಲ.

ಸುದ್ದಿ ಓಣಿಗೆಲ್ಲ ಹಬ್ಬಲು ಎಷ್ಟು ಹೊತ್ತು? ಮೊದಲು ಬಂದದ್ದು ಬ್ರೆಡ್ ಮಾವ, ಮೂಲೆಯ ಬೇಕರಿಯವರು.

"ಒಳ್ಳೇದೇ ಆಯ್ತು ಬಿಡಮ್ಮ ಇಂಚು," ಅಂದರು ಅವಳನ್ನು ನಗಿಸಲು. "ಸೊಂಟ ಮೂವತ್ತರಿಂದ ನಲವತ್ತೊಂದಕ್ಕೆ ಹೋಗಿತ್ತು. ನನ್ನ ಹೆಂಡ್ತಿ ಬಂದಾಗೆಲ್ಲ ಬೆರಳಿಟ್ಟು ತೋರಿಸೋಳು. ಸಾಕ್ಷಿ ಮುಚ್ಚಿಹೋಯ್ತಲ್ಲ!"

ಅವಳು ನಗಲಿಲ್ಲ. ಮಾವನ ಕಣ್ಣಲ್ಲೂ ನಗು ಇರಲಿಲ್ಲ.

ಆಮೇಲೆ ಕೊಡೆ ಅಜ್ಜಿ ಬಂದರು. ಕೊಡೆ ರಿಪೇರಿ ಮಾಡುತ್ತಿದ್ದ ಅಜ್ಜ ತೀರಿಕೊಂಡು ಒಂಬತ್ತು ವರ್ಷ. ಆಗಾಗ ಬಂದು ಅಜ್ಜನ ಭುಜದ ಅಳತೆಯ ಮೇಲೆ ಅಂಗೈ ಇಟ್ಟು, ಒಂದು ಗಳಿಗೆ ನಿಂತು, ಮಾತಿಲ್ಲದೆ ಹೊರಟುಹೋಗುವುದು ಅಜ್ಜಿಯ ಅಭ್ಯಾಸ.

ಬಿಳಿ ಗೋಡೆಯ ಮುಂದೆ ಅಜ್ಜಿ ಕಣ್ಣು ಕಿರಿದು ಮಾಡಿ ನಿಂತರು. "ಇಲ್ಲೇ ಅಲ್ವೇನೇ?"

"ಇಲ್ಲೇ ಅಜ್ಜಿ. ಹದಿನೇಳೂವರೆ."

"ಹಾಗಾದ್ರೆ ಇಲ್ಲೇ ಇದ್ದಾನೆ ಬಿಡು. ಬದುಕಿದ್ದಾಗಲೂ ತಲೆ ತುಂಬ ಹೊದ್ಕೊಂಡು ಮಲಗಿದ್ರೆ ಕರೆದ್ರೂ ಏಳ್ತಿರ್ಲಿಲ್ಲ, ಮಹಾರಾಯ!"

ಅಜ್ಜಿ ನಕ್ಕರು. ನಗುತ್ತಲೇ ಸೆರಗಿನ ತುದಿ ಕಣ್ಣಿಗೆ ಹೋಯಿತು. ಅದನ್ನು ನೋಡಿದಾಗ ಇಂಚುವಿನ ಎದೆಯಲ್ಲಿ ಸಿಟ್ಟು ಕಲ್ಲಾಗಿ ಕೂತಿತು. ಆ ಸುಣ್ಣದವನನ್ನು ಸುಮ್ಮನೆ ಬಿಡುವುದಿಲ್ಲ... ಈ ಓಣಿಯಲ್ಲಿ ಅವನಿಗೆ ಇನ್ನು ಕೆಲಸ ಇರಬಾರದು!

*

ಆದರೆ ಸುಣ್ಣದವನು ಎಲ್ಲಿಗೂ ಹೋಗಲಿಲ್ಲ. ಸಾಲಿನ ಉಳಿದ ಅಂಗಡಿಗಳ ಕೆಲಸ ಬಾಕಿ ಇತ್ತು. ದಿನವೂ ಬೆಳಿಗ್ಗೆ ಅವಳ ಹೊಸ್ತಿಲ ಹೊರಗೆ ನಿಂತು ಒಂದೇ ಮಾತು ಹೇಳುತ್ತಿದ್ದ.

"ಗೋಡೆಗೆ ನೀರು ತಾಗಿಸಬೇಡಿ. ಇನ್ನೂ ಎಂಟು ದಿನ."

"ಎಂಟು ದಿನಕ್ಕೆ ಏನಾಗುತ್ತೆ?"

"ಒಣಗುತ್ತೆ."

"ಒಣಗಿದ್ರೆ ನಮ್ಮಮ್ಮ ಎದ್ದು ಬರ್ತಾರಾ?"

ಅವನು ಬಕೆಟ್ಟು ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಮರುದಿನ ಮತ್ತೆ ಬಂದು, "ಇನ್ನೂ ಏಳು ದಿನ," ಎನ್ನುತ್ತಿದ್ದ. ಎಂಥ ಮೊಂಡ! ಬೈಸಿಕೊಳ್ಳಲೆಂದೇ ಬರುತ್ತಾನೋ ಏನೋ!

ಬಿಳಿ ಗೋಡೆಯ ಪಕ್ಕದಲ್ಲಿ ಕೂತು ಹೊಲಿಯುವುದೇ ಅವಳಿಗೆ ಕಷ್ಟವಾಗತೊಡಗಿತು. ಯಾರಾದರೂ ಅಂಗಿ ಹೊಲಿಸಲು ಬಂದರೆ ಅಭ್ಯಾಸ ಬಲದಿಂದ ತಲೆ ಎತ್ತಿ ಗೋಡೆ ನೋಡುವಳು. ಬಿಳಿ ಕಂಡ ಕೂಡಲೇ ಟೇಪು ಎತ್ತಿಕೊಂಡು ಹೊಸದಾಗಿ ಅಳೆಯುವಳು. ಅಪ್ಪ ಅದನ್ನೆಲ್ಲ ನೋಡುತ್ತಿದ್ದರು. ಮೊದಲೇ ಕಡಿಮೆ ಉಣ್ಣುವವರು ಈಗ ತಟ್ಟೆಯನ್ನು ಅರ್ಧಕ್ಕೇ ಸರಿಸಿಬಿಡುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ಅವಳು ಪಕ್ಕದ ಖಾಲಿ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಳು. ಹಿಂದೆ ಅಲ್ಲಿ ಗಡಿಯಾರ ರಿಪೇರಿಯವರಿದ್ದರು. ಒಳಗೆ ಸುಣ್ಣದವನು ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಗೋಡೆಯ ಮೇಲೆ ಮೆಲ್ಲಗೆ ಸರಿಸುತ್ತ ನಡೆಯುತ್ತಿದ್ದ.

ಅವಳ ಕಾಲು ತಾನಾಗಿ ನಿಂತಿತು.

"ಇಲ್ಲಿ ಒಂದು ಗೂಡಿತ್ತು, ಮುಚ್ಚಿದ್ದಾರೆ," ಅವನು ತನಗೆ ತಾನೇ ಅಂದುಕೊಳ್ಳುತ್ತಿದ್ದ. "ಇಲ್ಲಿ ಯಾರೋ ದಿನಾ ತಲೆ ಒರಗಿಸಿ ಕೂತಿದ್ದಾರೆ. ಎತ್ತರದ ಮನುಷ್ಯ ಅಲ್ಲ..."

"ಗಡಿಯಾರದ ತಾತ," ಅವಳ ಬಾಯಿಂದ ಜಾರಿಬಿಟ್ಟಿತು. "ಕುಳ್ಳಗಿದ್ದರು. ಊಟ ಆದ್ಮೇಲೆ ಅಲ್ಲೇ ಒರಗಿ ಗೊರಕೆ ಹೊಡೀತಿದ್ರು. ನಿಮಗೆ ಹೇಗೆ ಗೊತ್ತು?"

ಅವನು ಕಣ್ಣು ತೆರೆದ. ಅವಳನ್ನು ಕಂಡು ಬೆಚ್ಚಿ, ಆಮೇಲೆ ಮೆಲ್ಲಗೆ ಅಂದ, "ಅಷ್ಟು ಜಾಗ ನುಣ್ಣಗಿದೆ. ನೋಡಿ... ಮುಟ್ಟಿ ನೋಡಿ ಬೇಕಾದ್ರೆ."

ಅವಳು ಮುಟ್ಟಿದಳು. ನಿಜ! ರೇಷ್ಮೆಯಷ್ಟು ನುಣುಪು. ತಾತನ ತಲೆ ಇಪ್ಪತ್ತು ವರ್ಷ ಉಜ್ಜಿದ ಜಾಗ.

ಅವನು ನೆಲಕ್ಕೆ ಬಿದ್ದಿದ್ದ ಸುಣ್ಣದ ಚೂರೊಂದನ್ನು ಎತ್ತಿ ಅವಳ ಅಂಗೈ ಮೇಲಿಟ್ಟ. ಉಗುರಿನಷ್ಟು ಚೂರು. ಅದರ ಅಂಚಿನಲ್ಲಿ ಎಳೆ ಎಳೆಯಾಗಿ ಬಣ್ಣಗಳು. ಬಿಳಿ, ನೀಲಿ, ಬಿಳಿ, ಹಳದಿ, ಮತ್ತೆ ನೀಲಿ...

"ಹನ್ನೊಂದು ಪದರ," ಅಂದ. "ಒಂದೊಂದೂ ಒಬ್ಬೊಬ್ಬರ ಕಾಲ. ನಮ್ಮ ತಾತ ಹೇಳೋರು, ಗೋಡೆ ಮೇಲೆ ಕೈ ಇಡೋ ಮುಂಚೆ ಒಂದು ಗಳಿಗೆ ಸುಮ್ನೆ ನಿಂತ್ಕೊ ಅಂತ. ಒಳಗೆ ಜನ ಇದ್ದಾರೆ ಅಂತ."

ಅವಳ ಮೈ ಜುಮ್ಮೆಂದಿತು. ಹನ್ನೊಂದು ಕಾಲ ತನ್ನ ಅಂಗೈ ಮೇಲೆ, ಗುಂಡಿಗಿಂತ ಹಗುರಾಗಿ! ತಲೆ ಎತ್ತಿದಾಗ ಅವನ ಕೈಗಳು ಕಂಡವು. ಸುಣ್ಣ ತಿಂದು ಬಿರುಕು ಬಿಟ್ಟ ಬೆರಳುಗಳು. ಅವು ಒಂದು ಚೂರನ್ನು ಎಷ್ಟು ಮೃದುವಾಗಿ ಹಿಡಿದಿದ್ದವು...

ಇಷ್ಟೆಲ್ಲ ಗೊತ್ತಿರೋನು, ಗೋಡೆಯೊಳಗೆ ಜನ ಇದ್ದಾರೆ ಅನ್ನೋನು, ನಮ್ಮ ಗೋಡೆಗೆ ಹೇಗೆ ಬ್ರಷ್ಷು ಇಟ್ಟ?

"ಮತ್ತೆ ನಮ್ಮ ಗೋಡೆ ಮುಂದೆ ಯಾಕೆ ನಿಂತ್ಕೊಳ್ಲಿಲ್ಲ?" ಕೇಳಿಯೇಬಿಟ್ಟಳು.

ಅವನ ಮುಖ ಬಾಡಿತು. "ನಿಂತಿದ್ದೆ."

"ನಿಂತು?"

"ಅದನ್ನ ಹೇಳೋಕಾಗಲ್ಲ. ಒಬ್ಬರಿಗೆ ಮಾತು ಕೊಟ್ಟಿದ್ದೀನಿ."

ಅವಳು ಆ ಚೂರನ್ನು ಅವನ ಕೈಗೇ ವಾಪಸು ಹಾಕಿ ಸರಸರನೆ ನಡೆದುಬಿಟ್ಟಳು. ಮಾತಂತೆ, ಮಾತು! ಆದರೆ ಅವತ್ತು ಸಂಜೆಯವರೆಗೂ ಕೈ ಕತ್ತರಿಯ ಮೇಲಿತ್ತು, ಮನಸ್ಸು ಅಲ್ಲಿರಲಿಲ್ಲ.

*

ಹತ್ತನೆಯ ದಿನ ಅವಳು ಮಾಲೀಕರಿಗೆ ದೂರು ಬರೆದು ಮುಗಿಸಿದಳು. ಸುಣ್ಣದವನನ್ನು ಈ ಸಾಲಿನ ಕೆಲಸದಿಂದ ತೆಗೆಯಬೇಕು, ಅವನು ಮಾಡಿದ ಹಾನಿಯನ್ನು ಬೇರೆ ಕಟ್ಟಡದವರಿಗೂ ತಿಳಿಸಬೇಕು. ಎರಡು ಸಲ ಹರಿದು ಮೂರನೆಯ ಸಲ ಬರೆದದ್ದು. ಹರಿದದ್ದು ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

"ಅಪ್ಪಾ, ಮಾಲೀಕರ ಆಫೀಸಿಗೆ ಹೋಗಿಬರ್ತೀನಿ. ಆ ಸುಣ್ಣದವನ ವಿಷಯ ಇವತ್ತು ಇತ್ಯರ್ಥ ಆಗ್ಲಿ."

ಅಪ್ಪನ ಯಂತ್ರ ನಿಂತಿತು.

"ಹೋಗ್ಬೇಡಮ್ಮ."

"ಯಾಕಪ್ಪಾ?"

"ಅವನದೇನೂ ತಪ್ಪಿಲ್ಲ." ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಣ್ಣ ಹೊಡಿ ಅಂದಿದ್ದು ನಾನು."

ಅವಳಿಗೆ ಅರ್ಥವಾಗಲಿಲ್ಲ.

"ಮಾಲೀಕರು ಈ ಗೋಡೆ ಬಿಟ್ಟುಬಿಡಿ ಅಂತಾನೇ ಹೇಳಿದ್ರು. ನಾನೇ ಕರೆದೆ. ನೀನು ಗುಂಡಿ ತರೋಕೆ ಹೋಗಿದ್ದು ನೋಡ್ಕೊಂಡು ಕರೆದೆ."

"ಅಪ್ಪಾ!"

"ಹೊಲಿಗೆ ಶಾಲೆಯಿಂದ ಕಾಗದ ಬಂತಲ್ಲ... ಕಟಿಂಗ್ ಕಲಿಸೋಕೆ ಬನ್ನಿ ಅಂತ. ನೀನು ನನಗೆ ತೋರಿಸ್ದೆ ಬರಲ್ಲ ಅಂತ ಬರೆದೆ. ಅವರೇ ಇಲ್ಲಿಗೆ ಬಂದು ಕೇಳಿದಾಗ ಏನಂದೆ? ಗೋಡೆ ಓದೋಕೆ ನಾನೊಬ್ಬಳೇ ಇರೋದು, ಅಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ನಾನು ಹೋದ್ರೆ ಗೋಡೆ ಗತಿ ಏನು ಅಂದೆ." ಅಪ್ಪನ ದನಿ ಒಡೆಯಿತು. "ಇಪ್ಪತ್ತೇಳು ವರ್ಷ ಆಯ್ತು ನಿನಗೆ. ಈ ಓಣಿಯ ಆ ಕಡೆ ಏನಿದೆ ಅಂತ ನೋಡಿದೀಯಾ? ಸತ್ತವರ ಅಳತೆ ಕಾಯ್ಕೊಂಡು ಕೂತಿದ್ದೀಯ ಕಣೇ. ಅದನ್ನ ಬರೆದು ನಿನ್ನನ್ನ ಇಲ್ಲಿ ಕಟ್ಟಿಹಾಕಿದವನು ನಾನು. ಅಳಿಸೋದೂ ನಾನೇ ಅಲ್ವಾ?"

ಅವಳು ಗೋಡೆಗೆ ಒರಗಿ ನಿಂತಳು.

"ಆ ಹುಡುಗ ಒಪ್ಪಲೇ ಇಲ್ಲ. ಬರವಣಿಗೆ ಮೇಲೆ ಸುಣ್ಣ ಹೊಡೆಯೋ ಪದ್ಧತಿ ನಮ್ಮ ಮನೇಲಿ ಇಲ್ಲ ಅಂದ. ನಿನ್ನ ಶಾಲೆ ವಿಷಯ ಹೇಳಿ ಕೈ ಮುಗಿದೆ. ಆಗ ಅಂದ, ಮೊದಲು ಹಿಟ್ಟಿನ ಅಂಟು ತೆಳ್ಳಗೆ ಬಳಿದು ಅದರ ಮೇಲೆ ಸುಣ್ಣ ಹಾಕ್ತೀನಿ, ಎಂದಾದ್ರೂ ಬೇಕು ಅನ್ಸಿದ್ರೆ ಹಾಳೆ ತರ ಎತ್ತಿಬಿಡಬಹುದು ಅಂತ. ಅಂಟು ಒಣಗೋಕೆ ಒಂದು ಹಗಲು ಬೇಕು ಅಂದ. ನಾನು ಒಂದು ಗಂಟೆ ಕೊಟ್ಟೆ. ನೀನು ಬಂದುಬಿಡ್ತೀಯ ಅಂತ ಅವಸರ ಮಾಡಿದೆ. ನಿನಗೆ ಹೇಳಬಾರದು ಅಂತ ಅವನಿಂದ ಮಾತೂ ತಗೊಂಡೆ."

ಅಂಟು... ಹಸಿ ಅಂಟು.

ಒರೆಸ್ಬೇಡಿ! ಹಸಿ ಇರೋವಾಗ ಮುಟ್ಟಬೇಡಿ!

ಅವಳಿಗೆ ತಟ್ಟನೆ ಹೊಳೆಯಿತು. ಹೊಳೆದದ್ದು ಎದೆಗೆ ಸೂಜಿಯಂತೆ ಇಳಿಯಿತು. ಅಮ್ಮನ ಸಾಲನ್ನು ತಿಂದದ್ದು ಅವನ ಸುಣ್ಣವಲ್ಲ. ಹಸಿ ಅಂಟಿನ ಜೊತೆಗೆ ಪೆನ್ಸಿಲನ್ನೂ ಉಜ್ಜಿ ಬಟ್ಟೆಗೆ ತೆಗೆದದ್ದು ಅವಳ ಕೈ. ಅವಳದೇ ಕೈ!

ಅದು ಅವನಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ, 'ನನ್ನ ಸುಣ್ಣಾನೇ' ಅಂದಿದ್ದ.

ಕೈಯಲ್ಲಿದ್ದ ದೂರಿನ ಕಾಗದ ಮುದ್ದೆಯಾಯಿತು. ಅವಳು ಓಡಿದಳು.

*

ಸಾಲಿನ ಹಿಂದಿನ ಅಂಗಳದಲ್ಲಿ ಅವನು ಸುಣ್ಣ ಅರಳಿಸುತ್ತಿದ್ದ. ತೊಟ್ಟಿಯ ನೀರು ಕುದಿದು ಬುಸುಗುಟ್ಟುತ್ತಿತ್ತು. ಬಿಳಿ ಹಬೆಯ ನಡುವೆ ಅವನು ಕೋಲು ಹಿಡಿದು ನಿಂತಿದ್ದ.

"ಯಾಕೆ ಹೇಳ್ಲಿಲ್ಲ?" ಅವಳು ಏದುಸಿರು ಬಿಡುತ್ತಾ ಕೇಳಿದಳು. "ಅಮ್ಮನ ಸಾಲನ್ನ ಒರೆಸಿದ್ದು ನಾನು. ನಾನೇ! ನೀವು ಯಾಕೆ ಹೇಳ್ಲಿಲ್ಲ?"

ಅವನಿಗೆ ಎಲ್ಲ ಅರ್ಥವಾಯಿತು. ಕೋಲನ್ನು ಪಕ್ಕಕ್ಕಿಟ್ಟ.

"ಹೇಳಿದ್ರೆ ಏನು ಪ್ರಯೋಜನ ಆಗ್ತಿತ್ತು? ನೀವು ಆ ಬಟ್ಟೆ ಹಿಡ್ಕೊಂಡು ನಿಂತಿದ್ದು ನೋಡಿದೆ. ಇನ್ನೊಂದು ಮಾತು ನಿಮ್ಮ ತಲೆ ಮೇಲೆ ಹೇಗೆ ಹಾಕ್ಲಿ?" ಸ್ವಲ್ಪ ತಡೆದು ಅಂದ, "ಅದೂ ಅಲ್ದೆ, ತಪ್ಪು ನಂದು ಅಂದಿದ್ದು ಸುಳ್ಳಲ್ಲ. ಅಂಟು ಒಣಗೋ ಮುಂಚೆ ಸುಣ್ಣ ಹಾಕಬಾರದು, ಹಾಕಿದ್ರೆ ಒಂದು ಹಗಲಲ್ಲಿ ಒಣಗೋದು ಹತ್ತು ದಿನ ಹಿಡಿಯುತ್ತೆ. ಅದು ಕಲಿಯೋವಾಗಲೇ ಕಲಿಸ್ತಾರೆ. ನಿಮ್ಮಪ್ಪ ಅಳ್ತಿದ್ರು... ನನ್ನ ಕೈ ಸೋತುಹೋಯ್ತು."

ಅವಳು ಅಳತೊಡಗಿದಳು. ತಡೆದು ತಡೆದು ಹತ್ತು ದಿನ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ನನ್ನ ಹತ್ರ ಅಮ್ಮನದು ಅಂತ ಇದ್ದಿದ್ದು ಅದೊಂದೇ... ನನ್ನ ಕೈಯಾರೆ..."

"ಹೋಗಿಲ್ಲ ಅನ್ಸುತ್ತೆ," ಅವನು ಮೆಲ್ಲಗೆ ಅಂದ.

"ಏನು?"

"ಖಾತ್ರಿ ಇಲ್ಲ. ಅದಕ್ಕೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋಕೆ ಧೈರ್ಯ ಬರ್ಲಿಲ್ಲ. ಆದ್ರೆ ನಿಮ್ಮಪ್ಪನ ಕೈ ಭಾರ. ಒತ್ತಿ ಒತ್ತಿ ಬರೀತಾರೆ. ಪೆನ್ಸಿಲ್ ಹೋದ್ರೂ..." ಅವನು ತಲೆ ಎತ್ತಿ ಅವಳ ಕಣ್ಣು ನೋಡಿದ. "ನಾಳೆ ಬೆಳಿಗ್ಗೆ ಓಣಿಗೆ ಬಿಸಿಲು ಇಳಿಯೋ ಹೊತ್ತಿಗೆ ಬರ್ಲಾ?"

*

ಅವಳ ಓಣಿಗೆ ಬೆಳಗಿನ ಬಿಸಿಲು ಎರಡು ಸಾಲಿನ ಮಾಡುಗಳ ನಡುವಿನಿಂದ ಅರ್ಧ ಗಂಟೆ ಮಾತ್ರ ಬರುತ್ತಿತ್ತು. ಅದಕ್ಕೂ ಮುಂಚೆಯೇ ಅವನು ಬಂದ. ಅಪ್ಪನ ಮುಂದೆ ನಿಂತು, "ಎತ್ತಲಾ?" ಎಂದು ಕೇಳಿದ. ಅಪ್ಪ ಮಗಳನ್ನು ನೋಡಿದರು.

"ಹೊಲಿಗೆ ಶಾಲೆಗೆ ನಾನು ಹೋಗ್ತೀನಪ್ಪಾ," ಅವಳು ಅಂದಳು. "ಗೋಡೆ ಇದ್ರೂ ಹೋಗ್ತೀನಿ. ನಿಮ್ಮ ಮೇಲಾಣೆ."

ಅಪ್ಪ ತಲೆಯಾಡಿಸಿದರು.

ಅವನು ತೆಳುವಾದ ಕರಣೆಯನ್ನು ಸುಣ್ಣದ ಅಂಚಿಗೆ ತೂರಿಸಿ ಮೆಲ್ಲಗೆ ಎತ್ತಿದ. ಬಟ್ಟೆ ಸೀಳಿದಂತೆ ಸದ್ದಾಯಿತು. ಅಂಗೈ ಅಗಲದ ಬಿಳಿ ಹಾಳೆಯೊಂದು ಎದ್ದು ಬಂತು. ಅದರ ಹಿಂದೆ...

"ಬ್ರೆಡ್ ಮಾವ!" ಅವಳು ಕಿರುಚಿದಳು. "ಮಾವನ ನಲವತ್ತೊಂದು!"

"ಅಯ್ಯೋ, ಮೊದಲು ಅದೇ ಬರಬೇಕಿತ್ತಾ?" ಬಾಗಿಲಿನಿಂದ ಮಾವನ ದನಿ. ಸುದ್ದಿ ಕೇಳಿ ಓಣಿಯ ಜನ ಆಗಲೇ ಸೇರಿದ್ದರು.

ಹಾಳೆಯ ಮೇಲೆ ಹಾಳೆ ಬಿದ್ದವು. ಒಬ್ಬೊಬ್ಬರಾಗಿ ಓಣಿಯವರು ಗೋಡೆಯಿಂದ ಹೊರಗೆ ಬಂದರು. ಕಂಡವರು ಕಂಡಂತೆ ಕೂಗುತ್ತಿದ್ದರು. "ನಮ್ಮಣ್ಣ ನೋಡು!", "ನನ್ನ ಮದುವೆ ಕೋಟು!", "ಅಮ್ಮಾ, ಇದು ನಾನಾ? ಇಷ್ಟೇ ಇದ್ನಾ?" ಹದಿನೇಳೂವರೆ ಕಂಡಾಗ ಕೊಡೆ ಅಜ್ಜಿ ಯಾರನ್ನೂ ಕೇಳದೆ ಒಳಗೆ ಬಂದು ಅಂಗೈ ಇಟ್ಟುಬಿಟ್ಟರು. "ಎದ್ಯೇನೋ?" ಅಂದರು.

ಉಳಿದದ್ದು ಕಿಟಕಿಯ ಪಕ್ಕದ ಜಾಗ. ಬರೀ ಹಳದಿ.

ಅವನು ಅಂಗಡಿಯ ನಿಲುವುಗನ್ನಡಿಯನ್ನು ಎರಡೂ ಕೈಯಿಂದ ಎತ್ತಿ ಹೊಸ್ತಿಲ ಹೊರಗಿಟ್ಟ. ಗೋಡೆಯ ಅಂಚಿಗೆ ಸರಿಸಿದ. ಅಷ್ಟರಲ್ಲಿ ಬಿಸಿಲು ಓಣಿಗೆ ಇಳಿಯಿತು. ಕನ್ನಡಿಯನ್ನು ತುಸು ಓರೆ ಮಾಡಿದ.

ಬೆಳಕು ಗೋಡೆಯ ಮೈಯನ್ನು ಸವರಿಕೊಂಡು ಓಡಿತು.

ಮೊದಲು ಏನೂ ಕಾಣಲಿಲ್ಲ. ಆಮೇಲೆ... ನೆರಳುಗಳು! ಕೂದಲೆಳೆಯಂಥ ನೆರಳುಗಳು. ಅಪ್ಪನ ಪೆನ್ಸಿಲು ಒತ್ತಿ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಂಕಿಗಳು ಒಂದೊಂದಾಗಿ ಎದ್ದು ನಿಂತವು. ಹದಿನಾಲ್ಕು. ಮೂವತ್ತೆರಡು. ಇಪ್ಪತ್ತೆಂಟು.

"ಅಮ್ಮ..." ಅವಳು ಬಾಯಿಗೆ ಕೈ ಹಿಡಿದಳು.

"ಇನ್ನೂ ಇದೆ," ಹೊಸ್ತಿಲಿನಿಂದ ಅವನ ದನಿ ನಡುಗಿತು. "ಅದರ ಮೇಲೆ ನೋಡಿ. ಅಲ್ಲಿ ಇನ್ನೂ ಏನೋ ಇದೆ!"

ಅವಳು ತಲೆ ಎತ್ತಿದಳು. ಬುದ್ಧಿ ಬಂದಾಗಿನಿಂದ ಖಾಲಿ ಎಂದುಕೊಂಡಿದ್ದ ಜಾಗ. ಅಲ್ಲಿ ಮೇಲಿನಿಂದ ಕೆಳಗೆ ಒಂದೇ ಅಳತೆ, ಮತ್ತೆ ಮತ್ತೆ. ಭುಜವಿಲ್ಲ, ಎದೆಯಿಲ್ಲ. ಬರೀ ಸೊಂಟ.

ಇಪ್ಪತ್ತೆಂಟು. ಇಪ್ಪತ್ತೆಂಟೂವರೆ. ಮೂವತ್ತು. ಮೂವತ್ತೆರಡೂವರೆ. ಮೂವತ್ತೈದು. ಮೂವತ್ತೇಳು. ಮೂವತ್ತೊಂಬತ್ತು.

ಆಮೇಲೆ ಒಮ್ಮೆಲೇ ಮೂವತ್ತೊಂದು.

ಅವಳು ದರ್ಜಿಯ ಮಗಳು. ಯಾರೂ ವಿವರಿಸಬೇಕಾಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ತಿಂಗಳಿಗೊಂದ್ಸಲ ಅವಳ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡ್ತಿದ್ದೆ," ಅಪ್ಪ ಹಿಂದಿನಿಂದ ಅಂದರು. "ಟೇಪು ಸುತ್ತಿದಾಗೆಲ್ಲ ನಗೋಳು. ಇದು ನೀನು ಕಣಮ್ಮ. ಓಣಿಯವರ ಅಳತೆಯೆಲ್ಲ ಹುಟ್ಟಿದ ಮೇಲೆ ಬರೆದೆ. ನಿಂದು ಮಾತ್ರ ಮುಂಚೆ ಬರೆದಿದ್ದೆ. ಅವಳು ಹೋದ ವರ್ಷ ನೋಡೋಕಾಗ್ದೆ ರಬ್ಬರ್ ಹಿಡ್ಕೊಂಡು ಎಲ್ಲ ಅಳಿಸಿದೆ. ಕೆಳಗಿನ ಆ ಕೊನೇ ಸಾಲಿಗೆ ಬಂದಾಗ ಕೈ ಬರ್ಲಿಲ್ಲ."

ಬ್ರೆಡ್ ಮಾವ ತಲೆಯ ಟೋಪಿ ತೆಗೆದು ಎದೆಗೆ ಹಿಡಿದಿದ್ದರು. ಇಪ್ಪತ್ತೇಳು ವರ್ಷ ತಮ್ಮ ಕಣ್ಣ ಮುಂದೆಯೇ ಬೆಳೆದವಳು ಬೆಳಕಿನಲ್ಲಿ ಹೀಗೆ ಅಂಗುಲ ಅಂಗುಲವಾಗಿ ಮೂಡಿ ಬರುವುದನ್ನು ಓಣಿಗೆ ಓಣಿಯೇ ನೋಡುತ್ತ ನಿಂತಿತ್ತು.

"ಮೂವತ್ತೊಂಬತ್ತು!" ಕೊನೆಗೆ ಕೊಡೆ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. "ಅಷ್ಟು ಜಾಗ ಹಿಡ್ಕೊಂಡಿದ್ಯೇನೇ ನೀನು? ಪಾಪ, ನಿಮ್ಮಮ್ಮ!"

ಎಲ್ಲರೂ ನಕ್ಕರು. ಎಲ್ಲರೂ ಅತ್ತರು. ಬಿಸಿಲು ಮಾಡಿನ ಹಿಂದೆ ಸರಿಯಿತು. ಅಂಕಿಗಳು ಮೆಲ್ಲಗೆ ಗೋಡೆಯೊಳಕ್ಕೆ ಮರಳಿದವು.

"ಪೆನ್ಸಿಲಿನಿಂದ ಆ ಗೆರೆಗಳನ್ನ ತುಂಬಿಸ್ಬಹುದು," ಅವನು ಅಂದ. "ಮತ್ತೆ ಯಾವಾಗಲೂ ಕಾಣುತ್ತೆ."

ಅವಳು ಆ ಹಳದಿ ಜಾಗವನ್ನು ಬೆರಳಿನಿಂದ ಸವರಿದಳು. "ಬೇಡ. ಅಪ್ಪ ಅಳಿಸಿದ್ದು, ನಾನು ಒರೆಸಿದ್ದು... ಅದೂ ಇರ್ಲಿ. ಬಿಸಿಲು ಬಂದಾಗ ಬರ್ಲಿ ಅಮ್ಮ."

*

ಮಧ್ಯಾಹ್ನ ಅವನು ಹಿಂದಿನ ಅಂಗಳದ ನಲ್ಲಿಯಲ್ಲಿ ಬ್ರಷ್ಷು ತೊಳೆಯುತ್ತಿದ್ದ. ಸಾಲಿನ ಕೆಲಸ ಮುಗಿದಿತ್ತು. ಅವಳು ಎರಡು ಲೋಟ ಟೀ ಹಿಡಿದು ಬಂದಳು. ಒಂದನ್ನು ಅವನ ಪಕ್ಕದ ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಸುಮ್ಮನೆ ನಿಂತಳು. ಹತ್ತು ದಿನ ಬೈಯಲು ಸಲೀಸಾಗಿ ಬರುತ್ತಿದ್ದ ಮಾತು ಈಗ ಎಲ್ಲಿಗೆ ಹೋಯಿತೋ!

"ನಾಳೆಯಿಂದ ಎಲ್ಲಿ ಕೆಲಸ?"

"ಹಳೇ ಗ್ರಂಥಾಲಯದ ಕಟ್ಟಡ. ಒಳಗೋಡೆಗಳೆಲ್ಲ. ಆರು ತಿಂಗಳಾದ್ರೂ ಬೇಕು."

"ಅದು ಹೊಲಿಗೆ ಶಾಲೆಯ ಹಿಂದಿನ ಬೀದೀಲಿ ಅಲ್ವಾ?"

"ಹೌದು. ನಡೆದ್ರೆ ನಾಲ್ಕು ನಿಮಿಷ." ಅವನು ಬ್ರಷ್ಷಿನಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ನೀವು ಯಾವಾಗ ನಡೆದು ನೋಡಿದ್ರಿ?"

"ನೀವು ನನಗೆ ಶಾಪ ಹಾಕ್ತಿದ್ರಲ್ಲ... ಆ ವಾರ. ಎಂದಾದ್ರೂ ನೀವು ಅಲ್ಲಿಗೆ ಹೋದ್ರೆ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿತು.

"ಅಷ್ಟು ಬೈದೆನಲ್ಲ... ನಿಮಗೆ ಬೇಜಾರಾಗ್ಲಿಲ್ವಾ?"

"ಆಗ್ತಿತ್ತು. ಆದ್ರೆ ಬೈಯೋಕಾದ್ರೂ ದಿನಾ ನನ್ನ ಕಡೆ ನೋಡ್ತಿದ್ರಿ." ಅವನು ಈಗ ತಲೆ ಎತ್ತಿದ. ರೆಪ್ಪೆಯ ಮೇಲಿನ ಸುಣ್ಣ ಇನ್ನೂ ಹೋಗಿರಲಿಲ್ಲ. "ನನಗೆ ಗೋಡೆ ಜೊತೆ ಮಾತಾಡಿ ಅಭ್ಯಾಸ. ಮನುಷ್ಯರ ಜೊತೆ ಅಷ್ಟಾಗಿ ಬರಲ್ಲ. ಹಾಗಾಗಿ ನೇರ ಹೇಳಿಬಿಡ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಬಿಟ್ಟು ನಾಳೆ ಬೇರೆ ಬೀದಿಗೆ ಹೋಗೋದು ನನಗೆ ಇಷ್ಟ ಇಲ್ಲ."

ಅವಳು ತನ್ನ ಲೋಟವನ್ನು ಕಲ್ಲಿನ ಮೇಲಿಟ್ಟು, ಅವನ ಬಿರುಕು ಬಿಟ್ಟ ಬೆರಳುಗಳನ್ನು ಮೊದಲ ಸಲ ಹಿಡಿದಳು.

"ಒಂದು ವಿಷಯ ಹೇಳ್ತೀನಿ, ಚೆನ್ನಾಗಿ ಕೇಳಿಸ್ಕೊ," ಅಂದಳು. "ಇನ್ನೊಂದು ಸಲ ನನ್ನ ತಪ್ಪನ್ನ ನೀನು ತಲೆ ಮೇಲೆ ಹೊತ್ಕೊಂಡ್ರೆ ನಾನು ಸುಮ್ನೆ ಬಿಡಲ್ಲ."

"ಏನ್ ಮಾಡ್ತೀಯ?"

"ಪಕ್ಕದಲ್ಲೇ ಇದ್ದು ಜಗಳ ಆಡ್ತೀನಿ. ದಿನಾ."

"ಎಷ್ಟು ದಿನ?"

"ನಿನಗೆ ಸಾಕು ಅನ್ಸೋವರೆಗೂ."

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಹಾಗಾದ್ರೆ ಅದು ಮುಗಿಯೋ ಜಗಳ ಅಲ್ಲ ಬಿಡು."